ಡ್ರಾಯಿಂಗ್ ಮಾಸ್ತರರ ದೌರಾ

ಡೇರೆ ಹೊಡೆಯುವುದೆಂದರೆ ಅದೇನು ಬ್ರಹ್ಮವಿದ್ಯೆಯೇ? ಎರಡು ಕಂಬ, ಎಂಟು ಗೂಟ, ಒಂದಿಷ್ಟು ಹಗ್ಗ, ಮೇಲೊಂದು ದಪ್ಪ ಬಟ್ಟೆ! ಹನ್ನೊಂದು ವರ್ಷ ಕರಿಹಲಗೆಯ ಮೇಲೆ ಅಡಿಪಟ್ಟಿಯಿಲ್ಲದೆ ನೆಟ್ಟಗೆ ಗೆರೆ ಎಳೆದವನು ನಾನು, ಸೇಡಂನ ಡ್ರಾಯಿಂಗ್ ಮಾಸ್ತರ ಮಡಿವಾಳಯ್ಯ. ಹಲಗೆಯ ಮೇಲೆ ಸಾವಿರ ತ್ರಿಕೋನ ನಿಲ್ಲಿಸಿದವನಿಗೆ ನೆಲದ ಮೇಲೆ ಒಂದು ತ್ರಿಕೋನ ನಿಲ್ಲಿಸುವುದು ಯಾವ ಮಹಾ ಕೆಲಸ! ಹಾಗಂತ ೧೯೭೮ರ ಡಿಸೆಂಬರಿನ ಒಂದು ಮಂಗಳವಾರ ಸ್ಟಾಫ್ ರೂಮಿನಲ್ಲಿ ಮೇಜು ಗುದ್ದಿ ಹೇಳಿಬಿಟ್ಟೆ.

ನಮ್ಮ ಹೈಸ್ಕೂಲಿನ ನಲವತ್ತು ಸ್ಕೌಟ್ ಹುಡುಗರನ್ನು ಮೂರು ದಿನದ ಶಿಬಿರಕ್ಕೆ ಒಯ್ಯಬೇಕಾಗಿತ್ತು. ಹಿಂದಿನ ವರ್ಷ ಡ್ರಿಲ್ ಮಾಸ್ತರ ಅಂಬಾರಾಯ ಹುಡುಗರನ್ನು ರಾವೂರಿನ ಕಲ್ಲುಗಣಿಯ ಪಕ್ಕಕ್ಕೆ ಒಯ್ದಿದ್ದ. ತಿರುಗಿ ಬಂದಾಗ ನಲವತ್ತೂ ಹುಡುಗರು ಒಂದೇ ಬಣ್ಣ! ತಾಯಂದಿರು ನೀರು ಹೊಯ್ದು ಹೊಯ್ದು ತಮ್ಮ ತಮ್ಮ ಮಕ್ಕಳನ್ನು ಗುರುತು ಹಿಡಿಯಬೇಕಾಯಿತು.

"ಈ ಸಲ ಹಂಗ ಆಗಬಾರದು," ಎಂದರು ಹೆಡ್‌ಮಾಸ್ತರ ಅಮೀರ್ ಅಲಿಯವರು. "ಡೇರಾ ಹೊಡಿಲಿಕ್ಕ ಬರೋ ಸಾರ್ವಜನಿಕ ಜಾಗ ಯಾವ್ಯಾವ ಅವ, ನೋಡ್ರಿ. ಒಂದಕ್ಕೊಂದು ಹೋಲಿಸಿ ಶನಿವಾರ ಹನ್ನೊಂದಕ್ಕ ರಿಪೋರ್ಟ್ ಕೊಡ್ರಿ. ಯಾರ ರಿಪೋರ್ಟ್ ಪಸಂದ ಬರ್ತದ, ಶಿಬಿರದ ಮುಖ್ಯಸ್ಥರು ಅವರ."

"ಬರೇ ನೋಡೋದೇನ್ರಿ ಸಾಹೇಬ್ರ!" ನಾನು ಎದ್ದು ನಿಂತೆ. "ನಾ ಅಲ್ಲೇ ಡೇರಾ ಹೊಡದು ಮಲಗಿ ಬರ್ತೀನಿ. ಮೂರು ನಮೂನಿ ಜಾಗ, ಮೂರು ರಾತ್ರಿ, ಅದೂ ಒಬ್ಬನ!"

ಅಂಬಾರಾಯ ಕೊರಳಲ್ಲಿದ್ದ ಸೀಟಿ ಕುಣಿಯುವ ಹಾಗೆ ನಕ್ಕ. "ನೀವು? ಒಬ್ಬರ? ಮಾಸ್ತರ್ರ, ನಡುವ ಮನಿಗೆ ಓಡಿ ಬಂದ್ರ, ಇಲ್ಲಾ ಡೇರಾ ಬಿಟ್ಟು ಬ್ಯಾರೆ ಕಡೆ ಮಲಗಿದ್ರ ಶಿಬಿರ ನಂದು. ಕಬೂಲೇನ್ರಿ?"

"ಕಬೂಲ್!"

ಶಿಬಿರದ ಮುಖ್ಯಸ್ಥ! ಹನ್ನೊಂದು ವರ್ಷದ ನೌಕರಿಯಲ್ಲಿ ನನಗೆ ಮುಖವಿತ್ತೇ ಹೊರತು ನಾನೆಂದೂ ಮುಖ್ಯನಾಗಿರಲಿಲ್ಲ. ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಪರದೆ ಬರೆಯಲು ಮಡಿವಾಳಯ್ಯ ಬೇಕು. ಪರದೆಯ ಮುಂದೆ ನಿಂತು ಭಾಷಣ ಮಾಡಲು ಅಂಬಾರಾಯ! ಇದೊಂದು ಸಲ ನಾನು ಗೆಲ್ಲಲೇಬೇಕಾಗಿತ್ತು.

ಮನೆಗೆ ಬಂದು ಸುದ್ದಿ ಹೇಳಿದೆ. ನನ್ನ ಹೆಂಡತಿ ಭಾಗಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ.

"ಸೊಳ್ಳಿಪರದಿ ಕಟ್ಟಲಿಕ್ಕ ದಿನಾ ನನ್ನ ಕರೀತೀರಿ. ಡೇರಾ ಹೊಡಿತಾರಂತ ಡೇರಾ!"

"ನೋಡ್ತಿರು. ಗೆದ್ದು ಬರ್ತೀನಿ."

"ಎಲ್ಲೆಲ್ಲಿ ಹೋಗ್ತೀರಿ, ಅದನ್ನರ ಹೇಳ್ರಿ."

"ಹೇಳಂಗಿಲ್ಲ! ಹೇಳಿದ್ರ ಬುತ್ತಿ ಕಟಗೊಂಡು ಹಿಂದಿಂದ ಬರ್ತಿ. ಒಬ್ಬನ ಇರಬೇಕಂತ ಷರತ್ತದ."

"ನಾ ಯಾಕ ಬರ್ಲಿ? ನನಗೂ ಮೂರು ದಿನ ಆರಾಮ," ಎಂದು ಆಕೆ ರೊಟ್ಟಿಯನ್ನು ಹೆಂಚಿನ ಮೇಲೆ ಎಸೆದ ರೀತಿ ನೋಡಿ ನಾನು ಮೆಲ್ಲಗೆ ಪಡಸಾಲೆಗೆ ಜಾರಿದೆ.

ಬುಧವಾರ ಶಾಲೆಯ ಡೇರೆಯನ್ನು ಹೆಗಲಿಗೇರಿಸಿ, ಖಾಕಿ ಚಡ್ಡಿ, ಖಾಕಿ ಅಂಗಿ, ಅಗಲ ಟೋಪಿ ಧರಿಸಿ ಚಿತ್ತಾಪುರದಲ್ಲಿ ರೈಲು ಇಳಿದೆ. ಮೊದಲನೆಯ ನಮೂನೆ: ಸರಕಾರಿ ಬಂಗಲೆಯ ಅಂಗಳ. ಬೇವಿನ ಮರದ ನೆರಳು, ಬಾವಿ, ಸುತ್ತ ಗೋಡೆ, ಗೇಟಿನಲ್ಲಿ ಕಾವಲುಗಾರ ಫಕೀರಸಾಬ. ಆತ ನನ್ನ ಟೋಪಿಗೆ ಸಲಾಮು ಹೊಡೆದ. ಹೆಗಲ ಮೇಲಿನ ಗಂಟು ನೋಡಿ ಸಲಾಮು ವಾಪಸು ತೆಗೆದುಕೊಂಡ.

"ಇಲ್ಲಿ ಯಾರಿಗೆ ಬೇಕು ಅವರಿಗೆ ಡೇರಾ ಹೊಡಿಲಿಕ್ಕ ಇಜಾಜತ್ ಇಲ್ರಿ. ದೌರಾ ಮ್ಯಾಲ ಬಂದ ಸಾಹೇಬರಿಗಷ್ಟ. ನೀವು ದೌರಾ ಮ್ಯಾಲ ಬಂದೀರೇನ್ರಿ?"

ದೌರಾ! ನಮ್ಮ ಕಡೆ ನಿಜಾಮರ ಕಾಲದಿಂದ ಅಧಿಕಾರಿಗಳು ಊರೂರು ತಿರುಗುವುದಕ್ಕೆ ದೌರಾ ಎನ್ನುತ್ತಾರೆ. ತಹಸೀಲದಾರರಿಗೆ ದೌರಾ, ಇಂಜಿನಿಯರರಿಗೆ ದೌರಾ. ಡ್ರಾಯಿಂಗ್ ಮಾಸ್ತರನಿಗೆ ಯಾರಾದರೂ ಆ ಮಾತು ಅಂದಿದ್ದರೆ? ನನ್ನ ಎದೆ ಅಂಗಿಯ ಗುಂಡಿ ಹರಿಯುವಷ್ಟು ಉಬ್ಬಿತು.

"ಹೌದು! ದೌರಾ!" ಎಂದೆ.

ಫಕೀರಸಾಬ ಕೂಡಲೇ ದಪ್ಪ ಬುಕ್ಕು ತಂದ. ನಾನು ಡ್ರಾಯಿಂಗ್ ಮಾಸ್ತರನ ಮುತ್ತಿನಂಥ ಅಕ್ಷರದಲ್ಲಿ ತುಂಬಿದೆ. ಬಂದ ಕಾರಣ: ದೌರಾ. ಎಷ್ಟು ದಿನ: ಮೂರು. ಮುಂದಿನ ದೌರಾ ಎಲ್ಲಿ: ಗುರುವಾರ ಶಹಾಬಾದ್, ಶುಕ್ರವಾರ ಚಂದ್ರಂಪಳ್ಳಿ. ಕೆಳಗೆ ಸಹಿ, ಸಹಿಯ ಕೆಳಗೆ ಎರಡು ಗೆರೆ.

ಆಮೇಲೆ ಡೇರೆಯ ಒಳಗೆ ಹೊಕ್ಕು ಕಂಬ ಎತ್ತಿದೆ. ಈ ಕಂಬ ನಿಂತಾಗ ಆ ಕಂಬ ಮಲಗುತ್ತಿತ್ತು. ಅದನ್ನೆಬ್ಬಿಸಿದರೆ ಇದಕ್ಕೆ ನಿದ್ದೆ. ಐದನೆಯ ಸಲ ಎರಡೂ ಕೂಡಿಯೇ ಮಲಗಿದವು, ನನ್ನ ಮೇಲೆ! ಒಳಗೆ ಕತ್ತಲು, ಇಲಿಯ ವಾಸನೆ, ಕೊರಳಿಗೆ ಹಗ್ಗ, ಬಾಯೊಳಗೆ ಬಟ್ಟೆ. ಹೊರಗೆ ಕಾಣುತ್ತಿದ್ದುದು ನನ್ನ ಎರಡು ಕಾಲು ಮಾತ್ರ, ಅವೂ ಗಾಳಿಯನ್ನು ಒದೆಯುತ್ತಿದ್ದವು.

ಸರಿಯಾಗಿ ಅದೇ ಹೊತ್ತಿಗೆ ಬರಬೇಕೆ ಮಜೀದಸಾಬ! ಸೇಡಂನಲ್ಲಿ ನಮ್ಮ ಪಕ್ಕದ ಮನೆಯವನು, ಸೈಕಲ್ ಅಂಗಡಿಯವನು. ಟೈರು ತರಲು ಚಿತ್ತಾಪುರಕ್ಕೆ ಬಂದವನು ಫಕೀರಸಾಬನನ್ನು ಮಾತಾಡಿಸಲು ಒಳಗೆ ಬಂದಿದ್ದ. ನೆಲದ ಮೇಲೆ ನನ್ನ ಟೋಪಿ ಕಂಡ, ಕಾಲು ಕಂಡ.

"ಯಾ ಅಲ್ಲಾ! ಮಾಸ್ತರ ಸಾಬ್! ಏನಾತ್ರಿ ನಿಮಗ?"

"ಏನೂ ಆಗಿಲ್ಲೋ," ಎಂದೆ ಬಟ್ಟೆಯೊಳಗಿಂದ. "ದೌರಾದಾಗ ಇದ್ದೀನಿ!"

"ದೌರಾ?"

"ಹೂಂ, ದೌರಾ! ಇನ್ನ ಮೂರು ದಿನ ಹಿಂಗ ಇರ್ತದ. ಮನಿಗೆ ಹೇಳು, ಗಾಬರಿ ಆಗಬ್ಯಾಡ ಅನ್ನು."

"ನಾ ಹಿಡಕೋಲೇನ್ರಿ?"

"ಮುಟ್ಟಬ್ಯಾಡ! ಯಾರೂ ಹತ್ತರ ಬರಬಾರದು! ಒಬ್ಬನ್ನ ಬಿಡ್ರಿ!"

ದಡದಡ ಓಡಿದ ಸಪ್ಪಳ ಕೇಳಿತು. ಎಷ್ಟು ಒಳ್ಳೆಯ ಮನುಷ್ಯ, ಸುದ್ದಿ ಮುಟ್ಟಿಸಲು ರೈಲಿಗೆ ಓಡುತ್ತಿದ್ದಾನೆ ಎಂದುಕೊಂಡೆ. ನನ್ನ ಮಾತಿನಲ್ಲಿ ತಪ್ಪೇನಿತ್ತು ಹೇಳಿ! ತಪ್ಪಿದ್ದದ್ದು ಆ ಹಾಳು ಮಾತಿಗಿರುವ ಎರಡನೆಯ ಅರ್ಥದಲ್ಲಿ. ಮಜೀದಸಾಬನ ಮನೆಮಾತಿನಲ್ಲಿ ಮೂರ್ಛೆ ಬಂದು ನೆಲಕ್ಕೆ ಬಿದ್ದು ಕೈಕಾಲು ಬಡಿಯುತ್ತಾರಲ್ಲ, ಅದಕ್ಕೂ ದೌರಾ ಎಂದೇ ಹೆಸರು! ಇದು ನನಗೆ ಹೊಳೆದದ್ದು ಮೂರನೆಯ ದಿನ, ಅದೂ ತಡವಾಗಿ.

ಆ ರಾತ್ರಿ ಬಿದ್ದ ಡೇರೆಯೊಳಗೇ ಮಲಗಿದೆ. ಡೇರೆಯಲ್ಲಿ ಮಲಗಬೇಕೆಂದು ಷರತ್ತಿತ್ತು, ಡೇರೆ ನಿಂತಿರಬೇಕೆಂದು ಇರಲಿಲ್ಲವಲ್ಲ! ಬೆಳಿಗ್ಗೆ ನಸುಕಿನಲ್ಲೇ ಎದ್ದು ರಿಪೋರ್ಟಿನಲ್ಲಿ ಬರೆದೆ: "ಚಿತ್ತಾಪುರ ಬಂಗಲೆ: ನೆಲಕ್ಕೆ ಸಹಕಾರ ಬುದ್ಧಿಯಿಲ್ಲ. ನೂರಕ್ಕೆ ಹದಿನೇಳು."

ಎರಡನೆಯ ನಮೂನೆ: ಊರ ನಡುವಿನ ಮೈದಾನ. ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ಹೋದೆ. ಶಹಾಬಾದಿನ ಹಾಸುಗಲ್ಲಿನ ಹೆಸರು ಕೇಳದವರುಂಟೆ? ನಮ್ಮ ಮನೆಯ ಪಡಸಾಲೆಯಲ್ಲೂ ಅದೇ ಕಲ್ಲು. ಆದರೆ ಆ ಕಲ್ಲು ಇಲ್ಲಿ ಮೈದಾನದ ಮಣ್ಣಿನಡಿ ಎರಡೇ ಬೆರಳು ಆಳದಲ್ಲಿ ಆರಾಮಾಗಿ ಮಲಗಿರುತ್ತದೆಂದು ನನಗೆ ಯಾರು ಹೇಳಬೇಕು? ಗೂಟಕ್ಕೆ ಏಟು ಹಾಕಿದೆ, ಕಿಡಿ ಹಾರಿತು. ಎಂಟೂ ಗೂಟಗಳು ಕುಡುಗೋಲಿನಂತೆ ಬಾಗಿದವು. ನಾನು ಬಾಗಲಿಲ್ಲ! ಒಂದು ಕಡೆಯ ಹಗ್ಗವನ್ನು ಫುಟ್‌ಬಾಲ್ ಗೋಲಿನ ಎರಡು ಕಂಬಗಳಿಗೆ, ಇನ್ನೊಂದು ಕಡೆಯದನ್ನು ಮೈದಾನದ ನಳಕ್ಕೆ ಬಿಗಿದೆ. ಡೇರೆ ನಿಂತಿತು!

ಹತ್ತು ನಿಮಿಷಕ್ಕೆ ಕೊಡಗಳ ಸೈನ್ಯ ಬಂತು. ಮುಂದಾಳು ಭೀಮಮ್ಮ ಎಂಬ ಗಟ್ಟಿ ಹೆಂಗಸು.

"ಯಪ್ಪಾ, ನಳಕ್ಕ ಯಾಕ ಉರ್ಲ ಹಾಕೀರಿ? ಅದೇನ್ ಗುನ್ಹೆ ಮಾಡ್ಯಾದ?"

"ಅವ್ವಾ, ಒಂದ ರಾತ್ರಿ. ನಾಡಿನ ನಲವತ್ತು ಬಾಲಕರ ಭವಿಷ್ಯದ ಪ್ರಶ್ನೆ!"

"ನಮ್ಮ ಮನಿ ಬಾಲಕರು ನೀರಿಲ್ದ ಕುಂತಾರ. ಸರೀರಿ ಅತ್ಲಾಗ!"

ಹಗ್ಗವನ್ನು ಅವರು ಬಿಚ್ಚಲಿಲ್ಲ. ಅಷ್ಟರ ಮಟ್ಟಿಗೆ ದಯಾಳುಗಳು. ನೀರಿನ ಕಾಲುವೆ ಮಾತ್ರ ನನ್ನ ಡೇರೆಯೊಳಗೆ ಹಾಯ್ದು ಹೋಯಿತು. ಸಂಜೆ ಆಟಕ್ಕೆ ಬಂದವರಿಗೆ ಗೋಲಿಗೊಂದು ಬಲೆ ಸಿಕ್ಕಂತಾಗಿ ಭಾಳ ಖುಷಿ. ನನ್ನ ಡೇರೆ ಹದಿಮೂರು ಗೋಲು ತಿಂದಿತು, ಅದರಲ್ಲಿ ನಾಲ್ಕನ್ನು ನಾನೇ ಹೊಟ್ಟೆಯಿಂದ ತಡೆದೆ. ಆದರೂ ಆ ರಾತ್ರಿ ಅಲ್ಲೇ, ಒದ್ದೆ ಚಾಪೆಯ ಮೇಲೆ, ಪಣ ಬಿಡದೆ ಮಲಗಿದೆ. "ಶಹಾಬಾದ್ ಮೈದಾನ: ಗುಣ, ನೀರು. ದೋಷ, ನೀರು. ನೂರಕ್ಕೆ ಒಂಬತ್ತು."

ಶುಕ್ರವಾರ ಮೊದಲ ಗಾಡಿ ಹಿಡಿದು ಚಂದ್ರಂಪಳ್ಳಿಯ ದಾರಿ ಹಿಡಿದೆ. ಅದಕ್ಕೆ ಸೇಡಂನಲ್ಲಿ ಇಳಿದೇ ಬಸ್ಸು ಹತ್ತಬೇಕು! ಮನೆ ಕೂಗಳತೆಯಲ್ಲಿದೆ, ಬಿಸಿ ರೊಟ್ಟಿ ಕಣ್ಣ ಮುಂದಿದೆ, ಎರಡು ದಿನದಿಂದ ಹೊಟ್ಟೆಗೆ ಒಣ ಚುರಮರಿ ಬಿಟ್ಟರೆ ಬೇರೇನೂ ಬಿದ್ದಿಲ್ಲ. ಅಂಬಾರಾಯನ ನಗು ನೆನಪಾಯಿತು. ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಚಿಂಚೋಳಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕಳ್ಳನಂತೆ ಕುಗ್ಗಿ ಕೂತೆ.

ಮೂರನೆಯ ನಮೂನೆ: ಕೆರೆಯ ದಂಡೆ, ಕಾಡು. ಚಂದ್ರಂಪಳ್ಳಿ ಜಲಾಶಯದ ನೀರು, ಅದರಾಚೆ ಹಸಿರು ಗುಡ್ಡ, ತಣ್ಣನೆ ಗಾಳಿ. ಬೆಣ್ಣೆಯಂಥ ಮಣ್ಣು! ಗೂಟಗಳನ್ನು ಕಲ್ಲಿನಿಂದ ಬಡಿದು ನೆಟ್ಟಗೆ ಮಾಡಿ ಊರಿದೆ. ಒಂದೇ ಏಟಿಗೆ ಡೇರೆ ಎದ್ದು ನಿಂತಿತು, ನನ್ನ ಕರಿಹಲಗೆಯ ತ್ರಿಕೋನದ ಹಾಗೆಯೇ! ಇನ್ನೊಂದು ರಾತ್ರಿ, ಒಂದೇ ಒಂದು ರಾತ್ರಿ ಕಳೆದರೆ ನಾನು ಮುಖ್ಯಸ್ಥ. ಸಂತೋಷ ತಡೆಯಲಾರದೆ ಅಲ್ಲೇ ಒಂದು ಮಣ್ಣಿನ ದಿಬ್ಬದ ಮೇಲೆ ಸಿಂಹಾಸನವೇರಿದಂತೆ ಕೂತು ರಿಪೋರ್ಟು ಬರೆಯತೊಡಗಿದೆ: "ಚಂದ್ರಂಪಳ್ಳಿ: ನೂರಕ್ಕೆ ತೊಂಬತ್ತೊಂಬತ್ತು."

ಆ ಸಿಂಹಾಸನ ಕೆಂಪಿರುವೆಗಳ ಗೂಡಾಗಿತ್ತು.

ಚಡ್ಡಿಯೊಳಗೆ ಮೊದಲು ಒಂದು ಕಚ್ಚಿತು. ಅದು ಉಳಿದವರಿಗೆ ಹೇಳಿಕಳಿಸಿತು. ಎದ್ದೆ, ಹಾರಿದೆ, ಕೂಗಿದೆ, ನೆಲಕ್ಕೆ ಬಿದ್ದು ಹೊರಳಾಡಿದೆ. ಕೈ ಒಂದು ಕಡೆ, ಕಾಲು ಒಂದು ಕಡೆ! ಕಣ್ಣುಗಳು ತಾವಾಗಿಯೇ ಮೇಲಕ್ಕೇರಿದವು.

"ಅಕ್ಕೋ, ಅಲ್ಲಿ ನೋಡ್ರಿ! ದೌರಾ ಹತ್ತ್ಯಾದ, ಜೋರ ಹತ್ತ್ಯಾದ!"

ಮಜೀದಸಾಬನ ದನಿ! ಕಟ್ಟಿಗೆಯ ಲಾರಿಯಿಂದ ಮೂವರು ಧುಮುಕಿ ಓಡಿ ಬರುತ್ತಿದ್ದರು: ಮಜೀದಸಾಬ, ಅವನ ತಾಯಿ ಜೈತುನ್ಬೀ, ಮತ್ತು ನನ್ನ ಭಾಗಮ್ಮ. ಮಜೀದಸಾಬ ನನ್ನ ಕಾಲ ಮೇಲೆ ಕೂತ. ಭಾಗಮ್ಮ ನನ್ನ ಮುಷ್ಟಿಯಲ್ಲಿ ಕಬ್ಬಿಣದ ಕೀಲಿಕೈ ತುರುಕಿದಳು. ಜೈತುನ್ಬೀ ತನ್ನ ಹಳೆಯ ಚಪ್ಪಲಿಯನ್ನು ನನ್ನ ಮೂಗಿಗೆ ಒತ್ತಿ ಹಿಡಿದಳು. ನಲವತ್ತು ವರ್ಷ ಸವೆದ ಚಪ್ಪಲಿಯಿರಬೇಕು. ಸತ್ತವನೂ ಎದ್ದು ಕೂರುವಂಥ ವಾಸನೆ.

"ಬಿಡ್ರಿ! ನನಗ ದೌರಾ ಬಂದಿಲ್ಲ!" ಎಂದು ಕಿರುಚಿದೆ. "ನಾ ದೌರಾ ಬಂದೀನಿ!"

"ಬಾಯಿ ತೊದಲಾಕತ್ತದ ಬೇಟೀ," ಎಂದಳು ಜೈತುನ್ಬೀ. "ಗಟ್ಟಿ ಹಿಡಿ!"

"ಆ ದೌರಾ ಅಲ್ಲವ್ವಾ, ಈ ದೌರಾ!"

"ಎರಡೆರಡು ನಮೂನಿ ಬರ್ಲಿಕತ್ತಾವಂತ!" ಎಂದು ಭಾಗಮ್ಮ ಗೊಳೋ ಎಂದು ಅತ್ತಳು.

ಅಷ್ಟರಲ್ಲಿ ನನ್ನ ಇರುವೆಗಳು ಮಜೀದಸಾಬನ ಪಾಯಿಜಾಮದ ದಾರಿ ಕಂಡುಕೊಂಡವು. ಅವನಿಗೂ ದೌರಾ ಬಂತು! ಅವನು ಎಗರಿದ ಮೇಲೆಯೇ ಸತ್ಯ ಬಯಲಿಗೆ ಬಂದದ್ದು.

ಆಮೇಲೆ ಒಂದೊಂದೇ ತಿಳಿಯಿತು. ಗುರುವಾರ ಮುಂಜಾನೆ ಮೂವರೂ ಚಿತ್ತಾಪುರಕ್ಕೆ ಬಂದಿದ್ದರು. ಫಕೀರಸಾಬ, "ಹೌದವ್ವಾ, ನಿನ್ನಿ ಇಡೀ ದಿನ ದೌರಾದಾಗ ಇದ್ರು, ಬುಕ್ಕಿನಾಗ ಬರದಾರ," ಎಂದು ಬುಕ್ಕು ತೋರಿಸಿದ್ದ. ಏಳನೇ ಜಮಾತ ಓದಿದ ನನ್ನ ಹೆಂಡತಿ ನನ್ನದೇ ಮುತ್ತಿನಂಥ ಅಕ್ಷರದಲ್ಲಿ ಓದಿಕೊಂಡಿದ್ದಳು.

"ಮುಂದಿನ ದೌರಾ ಯಾವ ಊರಾಗ ಬರ್ತದ ಅಂತ ಸುದ್ದಾ ಬರದೀರಲ್ರೀ! ಎಷ್ಟು ವರ್ಷದಿಂದ ಮುಚ್ಚಿಟ್ಟಿದ್ರಿ ಈ ಬ್ಯಾನಿ ಅಂತ ನನ್ನ ಎದಿ ಒಡದು ಹೋತು. ಶಹಾಬಾದದಾಗ ಇದ್ದಬದ್ದ ದವಾಖಾನಿ ಎಲ್ಲಾ ತಿರಗೀನಿ. ಎರಡು ದಿನ ಆತ್ರಿ, ಬಾಯಾಗ ಒಂದು ತುತ್ತು ಇಟ್ಟಿಲ್ಲ."

"ದೌರಾ ಅಂದ್ರ ಕ್ಯಾಂಪು ಅಂತ ತಿಳೀಲಿಲ್ಲೇನು?"

"ದೌರಾ ತಹಸೀಲದಾರಗಿರ್ತದ! ಡ್ರಾಯಿಂಗ್ ಮಾಸ್ತರಗ ದೌರಾ ಬಂತಂದ್ರ ಬ್ಯಾನಿ ಬಂತಂತ ತಿಳೀಬೇಕೋ, ಬಡತಿ ಬಂತಂತ ತಿಳೀಬೇಕೋ?"

ಆಕೆಯ ಕಣ್ಣು ಅತ್ತು ಅತ್ತು ಊದಿದ್ದವು, ಕಾಲಿಗೆ ಧೂಳು ಮೆತ್ತಿತ್ತು. ನಾಚಿಕೆಯಾಯಿತು, ಖರೆ ಹೇಳುತ್ತೇನೆ. ಆದರೆ ನನ್ನ ಹಟ ಎಲ್ಲಿ ಹೋಗಬೇಕು?

"ಈಗ ಎಲ್ಲಾ ತಿಳೀತಲ್ಲ. ನೀವು ಹೊಂಡ್ರಿ. ಇನ್ನೊಂದ ರಾತ್ರಿ ಅದ, ಒಬ್ಬನ ಇರಬೇಕು!"

ಭಾಗಮ್ಮ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಲಾರಿ ಆಗಲೇ ಹೋಗಿತ್ತು. ಕಡೆಯ ಬಸ್ಸು ಚಿಂಚೋಳಿಯಿಂದ ಯಾವಾಗಲೋ ಹೊರಟಿತ್ತು. ಆಕೆ ಜೈತುನ್ಬೀಯ ಕೈ ಹಿಡಿದು ಡೇರೆಯೊಳಗೆ ಹೋಗಿ ಬಾಗಿಲ ಬಟ್ಟೆಯನ್ನು ಒಳಗಿಂದ ಕಟ್ಟಿಕೊಂಡಳು. ನಾನು ಮತ್ತು ಮಜೀದಸಾಬ ಹೊರಗೆ ಒಂದು ಮರದ ಬುಡದಲ್ಲಿ ಬೆಳಗಿನವರೆಗೆ ತುರಿಸಿಕೊಂಡು ಕೂತೆವು.

ಶನಿವಾರ ಬಸ್ಸು ಇಳಿದವರೇ ನೆಟ್ಟಗೆ ಶಾಲೆಗೆ. ಗಡಿಯಾರ ಹನ್ನೊಂದಕ್ಕೆ ಐದು ನಿಮಿಷ ಕಡಿಮೆ. ಹೆಡ್‌ಮಾಸ್ತರರ ಮೇಜಿನ ಮೇಲೆ ಹನ್ನೆರಡು ಪುಟದ ರಿಪೋರ್ಟು ಇಟ್ಟೆ. ಗಾಳಿ, ನೆರಳು, ಮಣ್ಣಿನ ಗುಣ, ಗೂಟದ ಹಿಡಿತ, ಸೂರ್ಯೋದಯದ ಸೌಂದರ್ಯ ಎಂದು ಹದಿನಾಲ್ಕು ತಲೆಬರಹಗಳು, ಬಣ್ಣದ ಚಿತ್ರ ಬೇರೆ! ಅಮೀರ್ ಅಲಿಯವರು ಓದಿ, "ಬಹುತ್ ಖೂಬ್," ಎಂದರು. ನನ್ನ ಎದೆ ಮತ್ತೆ ಉಬ್ಬಲು ಅಣಿಯಾಯಿತು.

"ಅದ ಇರ್ಲಿ," ಎಂದ ಅಂಬಾರಾಯ. "ಮೂರೂ ರಾತ್ರಿ ಡೇರಾದಾಗ ಮಲಗಿದ್ರೇನ್ರಿ?"

ಸುಳ್ಳು ನಾಲಗೆಯ ತುದಿಯವರೆಗೆ ಬಂತು. ಬಾಗಿಲಲ್ಲಿ ಎರಡು ದಿನ ಉಪವಾಸವಿದ್ದ ಭಾಗಮ್ಮ ನಿಂತಿದ್ದಳು. ಆ ಸುಳ್ಳು ಹೊರಗೆ ಬರಲಿಲ್ಲ.

"ಎರಡು ರಾತ್ರಿ ಮಲಗೀನಿ," ಎಂದೆ. "ಮೂರನೇದು, ನನ್ನ ಹುಡಕೋತ ಮೂರೂ ಊರು ತಿರಗಿ ಬಂದ ಮನಿಯಾಕಿ ಡೇರಾ ತಗೊಂಡ್ಳು."

ಅಂಬಾರಾಯ ಸೀಟಿಗೆ ಕೈ ಹಾಕಿದ. ಹೆಡ್‌ಮಾಸ್ತರರು ಕೈ ಎತ್ತಿ ಅವನನ್ನು ತಡೆದು ಭಾಗಮ್ಮನ ಕಡೆ ತಿರುಗಿದರು. "ಬಾಯಾರ, ಮೂರೂ ಊರು ನೀವೂ ನೋಡಿ ಬಂದೀರಿ. ಮಾಸ್ತರರು ಚಂದ್ರಂಪಳ್ಳಿ ಒಳ್ಳೇದು ಅಂತಾರ. ನೀವೇನಂತೀರಿ?"

"ನನಗೇನ ತಿಳೀತದ್ರಿ ಸಾಹೇಬ್ರ," ಎಂದಳು ಭಾಗಮ್ಮ, ಸೆರಗು ಸರಿಮಾಡಿಕೊಳ್ಳುತ್ತ. "ಒಂದ ಮಾತು. ರಾತ್ರಿ ಒಂದು ಹುಡುಗಗ ಜ್ವರ ಬಂತು ಅನ್ರಿ. ಅವರವ್ವ ಎಷ್ಟೊತ್ತಿಗೆ ಮುಟ್ತಾಳ? ಚಂದ್ರಂಪಳ್ಳಿಗೆ ಹೋಗಬೇಕಂದ್ರ ನನಗ ಕಟ್ಟಿಗಿ ಲಾರಿ ಸಿಕ್ತು, ನಸೀಬು. ಶಹಾಬಾದಕ್ಕ ಹೋಗಲಿಕ್ಕ ಅರ್ಧಾ ದಿನ ಹೋತು ವಾಡಿ ಸ್ಟೇಷನ್ನಾಗ ಕಾಯೋದಕ್ಕ. ಚಿತ್ತಾಪುರಕ್ಕ ಒಂದ ತಾಸಿನಾಗ ಮುಟ್ಟಿದೆ. ಬಾವಿ ಅದ, ಗ್ವಾಡಿ ಅದ, ದವಾಖಾನಿ ಹತ್ತರ ಅದ, ಕೇಳಿದ್ರ ಹೇಳಲಿಕ್ಕ ಒಬ್ಬ ಮನುಷ್ಯಾ ಅದಾನ."

ನನ್ನ ಹದಿನಾಲ್ಕು ತಲೆಬರಹಗಳನ್ನು ಮನಸ್ಸಿನಲ್ಲೇ ಮೇಲಿಂದ ಕೆಳಗೆ ಓದಿದೆ. ಸೂರ್ಯೋದಯವಿತ್ತು, ಹುಡುಗನ ತಾಯಿ ಎಲ್ಲೂ ಇರಲಿಲ್ಲ.

ಅಮೀರ್ ಅಲಿಯವರು ನನ್ನ ರಿಪೋರ್ಟನ್ನು ಮೆಲ್ಲಗೆ ಮಡಿಚಿ ಪಕ್ಕಕ್ಕಿಟ್ಟರು. "ಶಿಬಿರ ಚಿತ್ತಾಪುರದಾಗ. ಡ್ರಿಲ್ಲು, ಕವಾಯತು ಅಂಬಾರಾಯರದು. ಮುಖ್ಯಸ್ಥರು... ಯಾರ ರಿಪೋರ್ಟ್ ಪಸಂದ ಬಂತೋ ಅವರು ಅಂತ ನಾ ಜಬಾನು ಕೊಟ್ಟೀನಿ. ಬಾಯಾರ, ಮೂರು ದಿನ ಬರ್ತೀರೇನ್ರಿ?"

"ಬರ್ತೀನ್ರಿ."

ಸೋತೆನೆಂದು ಅಳಬೇಕೋ, ಮುಖ್ಯಸ್ಥೆಯ ಗಂಡನಾದೆನೆಂದು ಹಿಗ್ಗಬೇಕೋ ತಿಳಿಯದೆ ನಾನು ಮುಂದೆ ಬಂದೆ. ಏನೇ ಆಗಲಿ, ಗೂಟ ಹೊಡೆಯುವ ಅನುಭವ ಇಡೀ ಶಾಲೆಯಲ್ಲಿ ಈಗ ನನ್ನೊಬ್ಬನಿಗೇ! "ಸಾಹೇಬ್ರ, ನಾನೂ ಜೊತಿಗೆ ಹೋಗ್ತೀನ್ರಿ. ಸಹಾಯಕ ಅಂತ ಬರೀರಿ."

ಹೆಡ್‌ಮಾಸ್ತರರು ಪೆನ್ನು ಎತ್ತಿದರು. ಭಾಗಮ್ಮ ಮೇಜಿನ ಹತ್ತಿರ ಬಂದು ಎರಡೂ ಕೈ ಜೋಡಿಸಿದಳು.

"ಸಾಹೇಬ್ರ, ನಲವತ್ತು ಹುಡುಗರನ್ನ ಹೆಂಗರ ಮಾಡಿ ಸಂಭಾಳಸ್ತೀನಿ. ನಲವತ್ತೊಂದನೇದು ನನ್ನ ಕೈಲೆ ಆಗಂಗಿಲ್ರಿ!"